ತಿಳಿ ಎಣ್ಣೆಯ ಹಡಗು

ರಿಫೈನರಿ ಕ್ವಾರ್ಟರ್ಸ್, ಕೊನೆಯ ಸಾಲು
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆ ಆಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಇನ್ನೂ ಬಿಸ್ಕತ್ತಿನಲ್ಲೇ ಕಾಲ ತಳ್ಳುತ್ತಿದ್ದೀಯಾ? ಬಿರುಗಾಳಿ ಬಂದು ಹೋದ ಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಹಡಗಿಗೆ ಎಣ್ಣೆ ತುಂಬಿಸುವ ನಿಮ್ಮ ಜೆಟ್ಟಿಯಲ್ಲಿ ಫೋನ್ ಗೋಪುರ ಬಿದ್ದಿದೆ, ಜನರೆಲ್ಲ ಕ್ಷೇಮ ಅಂತ ಕಂಪನಿಯ ಆಫೀಸಿನವರು ಹೇಳುತ್ತಾರೆ. ನನ್ನ ತಮ್ಮನನ್ನು ಕಣ್ಣಾರೆ ಕಂಡವರು ಯಾರು ಅಂದರೆ ಮಾತ್ರ ಫೈಲು ತಿರುವಿ ಹಾಕುತ್ತಾರೆ. ಸಾಮಾನಿನ ದೋಣಿಯಲ್ಲಿ ಟಪಾಲು ಹೋಗುತ್ತದಂತೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇವತ್ತು ನನ್ನದು ಸಂಜೆಯ ಪಾಳಿ, ಕೈಯಲ್ಲಿ ಸ್ವಲ್ಪ ಹೊತ್ತಿದೆ. ನಾನು ಚೆನ್ನಾಗಿದ್ದೇನೆ. ಅಮ್ಮನ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಪ್ರಶ್ನೆ. "ಅಕ್ಕಾ, ಇಲ್ಲಿ ನಮ್ಮದೇ ಬಾವಿಯ ತಿಳಿ ಕಚ್ಚಾ ಎಣ್ಣೆನ ಪರದೇಶಕ್ಕೆ ಕಳಿಸ್ತೀವಿ. ನೀವು ಅಲ್ಲಿ ಪರದೇಶದ ಕೆಸರಿನಂಥ ಎಣ್ಣೆ ತರಿಸ್ಕೊಂಡು ಕಾಯಿಸ್ತಾ ಕೂತಿದ್ದೀರಿ. ನಮ್ಮೋರಿಗೆ ತಲೆ ಸರಿ ಇದೆಯಾ?" ಅಂತ ಕೊನೆಯ ಪತ್ರದಲ್ಲಿ ಕೇಳಿದ್ದೆ. ಸರಿಯಾಗೇ ಇದೆ ಕಣೋ, ಸ್ವಲ್ಪ ಹಳೆಯದು ಅಷ್ಟೆ. ನಮ್ಮ ರಿಫೈನರಿ ಕಟ್ಟಿದಾಗ ನಿಮ್ಮ ಬಾವಿಗಳು ಇನ್ನೂ ಪತ್ತೆಯಾಗಿರಲಿಲ್ಲ. ಅಗ್ಗಕ್ಕೆ ಸಿಗುತ್ತಿದ್ದದ್ದು ಹೊರಗಿನ ಮಂದ ಎಣ್ಣೆ. ಅದನ್ನು ಒಡೆದು ಡೀಸೆಲ್, ಪೆಟ್ರೋಲ್ ಮಾಡುವುದಕ್ಕೆಂದೇ ಮನೆ ಮಠ ಮಾರಿದವರ ಹಾಗೆ ದುಡ್ಡು ಸುರಿದು ಕುಲುಮೆ, ಗೋಪುರ ನಿಲ್ಲಿಸಿದರು. ಈಗ ಅದಕ್ಕೆ ಬರೀ ನಿನ್ನ ತಿಳಿ ಎಣ್ಣೆ ಹಾಕಿದರೆ ಕಾಳು ಅರೆಯುವ ಕಲ್ಲಿಗೆ ಹಾಲು ಸುರಿದ ಹಾಗೆ. ಮೇಲಿನ ಕೊಳವೆಗಳಿಗೆ ಹಗುರ ಆವಿ ತುಂಬಿ ಉಸಿರುಗಟ್ಟುತ್ತದೆ, ಕೆಳಗಿನ ಕುಲುಮೆಗಳು ಕೆಲಸವಿಲ್ಲದೆ ಆಕಳಿಸುತ್ತವೆ. ಹೊರದೇಶಗಳಲ್ಲಿ ಇಂಥ ಕುಲುಮೆ ಇಲ್ಲದ ರಿಫೈನರಿಗಳು ಬೇಕಾದಷ್ಟಿವೆ. ಅವಕ್ಕೆ ಮಂದ ಎಣ್ಣೆ ಅರಗುವುದಿಲ್ಲ, ಅದಕ್ಕೇ ನಿನ್ನ ಎಣ್ಣೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಅದನ್ನು ಮಾರಿ ಇದನ್ನು ಕೊಂಡರೆ ನಡುವಿನ ಲಾಭ ನಮಗೆ. ರಸ್ತೆಗೆ ಹಾಕುವ ಡಾಂಬರೂ ಈ ಕೆಸರಿನಿಂದಲೇ ಬರುವುದು. ಇಂಜಿನಿಯರ್ ಅಕ್ಕನಾಗಿ ಇಷ್ಟು ಹೇಳಬಲ್ಲೆ, ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಆ ಲೆಕ್ಕದೊಳಗೇ ಅಪ್ಪನೂ ಹೋದರು. ನೀನು ಆಗ ಚಿಕ್ಕವನು, ನಿನಗೆ ಯಾರೂ ಬಿಡಿಸಿ ಹೇಳಲಿಲ್ಲ. ಟ್ಯಾಂಕಿನ ನೆತ್ತಿ ಹತ್ತಿ, ಮುಚ್ಚಳ ತೆಗೆದು, ಟೇಪು ಇಳಿಬಿಟ್ಟು ಎಣ್ಣೆಯ ಆಳ ಅಳೆಯುವುದು ಅಪ್ಪನ ಕೆಲಸ. ಮಂದ ಎಣ್ಣೆ ಗಂಧಕ ಹೊತ್ತು ಬರುತ್ತದೆ. ಮುಚ್ಚಳ ತೆಗೆದರೆ ಅದರ ವಿಷದ ಆವಿ ಮುಖಕ್ಕೆ ಬರುತ್ತದೆ, ಮೊದಲು ಕೊಳೆತ ಮೊಟ್ಟೆಯ ನಾತ. ವಿಷ ಹೆಚ್ಚಾದರೆ ಮೂಗೇ ಸತ್ತುಹೋಗಿ ಏನೂ ಇಲ್ಲ ಅನ್ನಿಸುತ್ತದೆ. ಅಪ್ಪ ನಿಯಮದ ಪ್ರಕಾರ ಗಾಳಿಗೆ ಬೆನ್ನು ಹಾಕಿಯೇ ನಿಂತಿದ್ದರಂತೆ. ಗಾಳಿ ತಿರುಗಿತು, ಅಷ್ಟೇ ನಡೆದದ್ದು.

ಅವತ್ತಿನಿಂದ ಮಂದ ಎಣ್ಣೆಯ ಹಡಗು ಬಂದಾಗಲೆಲ್ಲ ಅಮ್ಮ ಹಿತ್ತಿಲ ಬಾಗಿಲು ತೆರೆದಿಟ್ಟು, ಹೊರಗೆ ಒಂದು ಬಕೆಟ್ ಬಿಸಿನೀರು, ಸೋಪು ಇಡುತ್ತಾಳೆ. ಎಣ್ಣೆ ಮೆತ್ತಿದ ಕೈಕಾಲಿನಲ್ಲಿ ಅವಳು ಅಪ್ಪನನ್ನು ಯಾವತ್ತಾದರೂ ಒಳಗೆ ಬಿಟ್ಟುಕೊಂಡಿದ್ದಳಾ? ಆ ನಾತ ಗಾಳಿಯಲ್ಲಿ ನಮ್ಮ ಸಾಲಿನವರೆಗೂ ಬರುತ್ತದೆ. "ಬಂದ್ರು" ಅಂತ ಮೆಲ್ಲಗೆ ಹೇಳಿ ಅಮ್ಮ ತನ್ನ ಪಾಡಿಗೆ ಪಾತ್ರೆ ಒರೆಸುತ್ತಾಳೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಕಪ್ಪು ಪೊರೆ. ಅದು ಚಿಮಣಿಯ ಮಸಿ ಅಮ್ಮಾ ಅಂತ ಎಷ್ಟೋ ಸಲ ಹೇಳಿದ್ದೇನೆ. ಹಾಗಾದರೆ ಸೋಪು ಯಾಕೆ ಒದ್ದೆ ಅಂತ ಅವಳು ಒಮ್ಮೆಯೂ ಕೇಳಲಿಲ್ಲ, ನಾನೇ ಕೇಳಿಕೊಂಡೆ. ನನಗೂ ಭಯ ಆಗುತ್ತದೆ ಕಣೋ. ಆಫೀಸಿನಲ್ಲಿ ಯಾರಿಗೆ ಹೇಳಲಿ?

ಈಗ ಬೆಲೆಯ ಅಂತರ ಇಳಿದಿದೆ. ಮಂದ ಎಣ್ಣೆಗೆ ನಮ್ಮದೇ ತಿಳಿ ಎಣ್ಣೆ ಒಂದಿಷ್ಟು ಬೆರೆಸಿ ನೋಡೋಣ ಅಂತ ಮೇಲಿನವರು ನಿಮ್ಮ ಜೆಟ್ಟಿಯಿಂದ ಮೊದಲ ಬಾರಿಗೆ ಒಂದು ಹಡಗು ತರಿಸುತ್ತಿದ್ದಾರೆ. ಬಿರುಗಾಳಿಗೆ ಮುಂಚೆಯೇ ತುಂಬಿಕೊಂಡು ಹೊರಟದ್ದು, ದಾರಿಯಲ್ಲೆಲ್ಲೋ ತಂಗಿ ಇವತ್ತು ಮುಟ್ಟುತ್ತದೆ. ಅಮ್ಮನಿಗೆ ಖುಷಿಯಾಗಲಿ ಅಂತ ನಿನ್ನೆ ಬಾಯಿಬಿಟ್ಟೆ. "ನಿನ್ನ ಮಗ ತುಂಬಿಸಿದ ಎಣ್ಣೆ ಮನೆ ಬಾಗಿಲಿಗೇ ಬರ್ತಿದೆ ಅಮ್ಮಾ" ಅಂದೆ. ಅವಳ ಮುಖ ಬಿಳುಚಿಕೊಂಡಿತು. "ಅದಕ್ಕೆ ನಾತ ಇರುತ್ತಾ?" ಅಂದಳು. ಇರಲ್ಲ, ಗಂಧಕ ಕಡಿಮೆ ಅಂದೆ. "ಹಾಗಾದ್ರೆ ಬಂದದ್ದು ಹೇಗೆ ಗೊತ್ತಾಗೋದು?" ಅಂದಳು. ರಾತ್ರಿ ಊಟಕ್ಕೂ ಏಳಲಿಲ್ಲ. ಎಣ್ಣೆಯ ಹಿಂದೆ ಬರುವವರು ಬದುಕಿರುವವರಲ್ಲ ಅಂತ ಅವಳು ತಿಳಿದಿದ್ದಾಳೆ ಅನ್ನುವುದು ನನ್ನ ಮಂಡೆಗೆ ಹೊಳೆಯಲು ಬೆಳಗಾಗಬೇಕಾಯಿತು. ಹೊಳೆದ ಮೇಲೆ ನನಗೂ ಅನ್ನ ಸೇರಲಿಲ್ಲ.

ಇದು ಕೈ ಸೇರಿದ ತಕ್ಷಣ ಒಂದೇ ಒಂದು ಸಾಲು ಬರೆದು ಹಾಕು. ಬೈದು ಬರೆದರೂ ಪರವಾಗಿಲ್ಲ, ಅಕ್ಷರ ನಿನ್ನದಾಗಿದ್ದರೆ ಸಾಕು. ದೋಣಿಯವರಿಗೆ ನನ್ನ ನಮಸ್ಕಾರ ತಿಳಿಸು. ಮೈ ಕೈ ಗಟ್ಟಿಯಾಗಿ, ನಮ್ಮೆಲ್ಲರ ಆಯಸ್ಸು ಸೇರಿಸಿಕೊಂಡು ಬಾಳು.

ನಿನ್ನ ಕಿವಿ ಹಿಂಡುವ ಹಕ್ಕು ಇನ್ನೂ ಬಿಟ್ಟುಕೊಡದ,
ಅಕ್ಕ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಹಡಗು ಬಂತು, ಸೈರನ್ ಕೇಳಿಸಿತು. ಅಮ್ಮ ಬಕೆಟ್ ಇಡಲಿಲ್ಲ. ಹಿತ್ತಿಲ ಬಾಗಿಲಿಗೆ ಚಿಲಕ ಜಡಿದು, ಅದಕ್ಕೇ ಒರಗಿ ನೆಲದ ಮೇಲೆ ಕೂತಿದ್ದಾಳೆ. "ನನ್ನ ಮಗ ಹೀಗೆ ಬರೋದು ಬೇಡ. ಬಸ್ಸಲ್ಲಿ ಬರಲಿ, ಬ್ಯಾಗು ಹೊತ್ಕೊಂಡು ಬರಲಿ, ಬರದಿದ್ರೂ ಬದುಕಿರಲಿ" ಅನ್ನುತ್ತಿದ್ದಾಳೆ. ಆ ಎಣ್ಣೆಯ ಸ್ಯಾಂಪಲ್ ಪರೀಕ್ಷೆಗೆ ನಾನು ಇಷ್ಟು ಹೊತ್ತಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಮುಂಬಾಗಿಲಿನ ಚಿಲಕ ನಾನೇ ಹಾಕಿದೆ. ಈ ಪತ್ರವನ್ನು ಕಿಟಕಿಯಿಂದಲೇ ಟಪಾಲಿನವನ ಕೈಗೆ ಕೊಡುತ್ತೇನೆ. ಹಿತ್ತಿಲಲ್ಲಿ ಯಾರೋ ಮೆಲ್ಲಗೆ ಬಾಗಿಲು ತಟ್ಟುತ್ತಿದ್ದಾರೆ. ಲ್ಯಾಬಿನಿಂದ ನನ್ನನ್ನು ಕರೆಯಲು ಬಂದವರು ಅನ್ನೋಣವೆಂದರೆ, ಅವರು ಯಾವಾಗಲೂ ಮುಂದಿನಿಂದಲೇ ಬರುತ್ತಾರೆ. ತಮ್ಮಾ, ನೀನು ಬರುವ ದಿನ ಬಾಗಿಲು ತಟ್ಟಬೇಡ. ಬೀದಿಯ ತುದಿಯಿಂದಲೇ ನನ್ನನ್ನು ಜೋರಾಗಿ ಕೂಗು. ಅಲ್ಲಿಯವರೆಗೆ ಯಾರು ತಟ್ಟಿದರೂ ನಾವು ತೆಗೆಯುವುದಿಲ್ಲ.