ನಾಲ್ಕು ನಿಮಿಷದ 1922

ದುಬೈ, ಶನಿವಾರ

ಅಕ್ಕಾ, ನಮಸ್ಕಾರ.

ನಿನ್ನೆ ಅಲ್ ಮುರಕ್ಕಬಾತಿನ ಹೋಟೆಲೊಂದರಲ್ಲಿ ಇಲ್ಲಿಯ ಕನ್ನಡ ಸಂಘದವರು ನನ್ನ ಉಪನ್ಯಾಸ ಇಟ್ಟಿದ್ದರು. ವಿಷಯ, '1922ರ ಯುರೋಪಿನ ಕಾವ್ಯ'. ಆ ಒಂದೇ ವರ್ಷವನ್ನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ನಾನು. ಯುದ್ಧದ ಬೂದಿಯಿಂದ ಎದ್ದ ಕವಿಗಳು ಹಳೆಯ ಆಡಂಬರವನ್ನೆಲ್ಲ ಕಿತ್ತೆಸೆದ ವರ್ಷವದು.

ಇವರೋ, ಮೊದಲ ಒಂದೂವರೆ ಗಂಟೆ ಬರೀ ಶಾಲು ಹೊದಿಸಿದರು! ಪ್ರಾಯೋಜಕರಿಗೆ, ಪ್ರಾಯೋಜಕರ ಷಡ್ಡಕರಿಗೆ, ಮೈಕ್ ಕೊಡಿಸಿದವರಿಗೆ. ಪ್ರತಿಯೊಬ್ಬರಿಗೂ ಪೇಟ, ಹಾರ, ಫೋಟೊ. ಕೊನೆಗೆ ಕಾರ್ಯದರ್ಶಿ ಮೊಯಿದಿನಬ್ಬ ನನ್ನ ಕಿವಿಯ ಹತ್ತಿರ ಬಗ್ಗಿ, "ಸರ್, ನಾಲ್ಕು ನಿಮಿಷದಲ್ಲಿ ಯುರೋಪ್ ಖಲಾಸ್ ಮಾಡಿ ಆಯ್ತಾ, ಬಿರಿಯಾನಿ ತಣ್ಣಗಾಗ್ತದೆ" ಎಂದರು. ಮೈಯೆಲ್ಲ ಉರಿದುಹೋಯಿತು. ಗಾಬರಿಯಾಗಬೇಡ, ಬಿಪಿ ಗುಳಿಗೆ ತಪ್ಪಿಸಿಲ್ಲ.

ಈ ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಇದೊಂದನ್ನು ಮಾತ್ರ ಯಾರಿಗೂ ಹೇಳಬೇಡ. ನಾನು ಎದ್ದು ನಿಂತು, ವೇದಿಕೆಯ ಮೇಲಿದ್ದ ಹದಿನಾಲ್ಕು ಮಂದಿ ಗಣ್ಯರನ್ನೂ ಒಬ್ಬೊಬ್ಬರಾಗಿ ಹೆಸರು ಹೇಳಿ ವಂದಿಸಿ ಮುಗಿಸುವಷ್ಟರಲ್ಲಿ ನಾಲ್ಕು ನಿಮಿಷವೂ ಆಗಿಹೋಗಿತ್ತು.

ನಿನ್ನ ತಮ್ಮ,
ಪ್ರಲ್ಹಾದ