ಹೆಜ್ಜೆ ಸಣ್ಣದಾದರೆ

ಮಾರ್ಚ್ ೧೧, ಮಂಗಳವಾರ

ನನ್ನ ಪಿಎಚ್‌ಡಿ ಗೈಡ್ ಇವತ್ತೂ ಅದೇ ಹಳೇ ರಾಗ ಎಳೆದರು. ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ನನ್ನ ಸಮೀಕರಣ ನೇರವಾಗಿ ಬಿಡಿಸಲು ಬರುವಂಥದ್ದಲ್ಲ. ಒಂದು ಊಹೆಯಿಂದ ಶುರುಮಾಡಿ, ಸುತ್ತು ಸುತ್ತಿಗೂ ತಿದ್ದುತ್ತಾ ಉತ್ತರದ ಕಡೆ ಹೋಗಬೇಕು. ಕೊನೆಯ ಎರಡು ಸುತ್ತಿನ ಉತ್ತರಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ನಿಂತಿತಲ್ಲಮ್ಮಾ, ಉತ್ತರ ಮುಟ್ಟಿತು ಅಂತಲೇ ಅರ್ಥ. ಬರೆದು ಮುಗಿಸು," ಅಂದರು.

"ಇಲ್ಲ ಸರ್, ಅದು ತೆವಳ್ತಾ ಇದೆ. ಹೆಜ್ಜೆ ಸಣ್ಣದಾಯ್ತು ಅಂದ ಮಾತ್ರಕ್ಕೆ ಹತ್ತಿರ ಬಂತು ಅಂತಲ್ಲ. ಇನ್ನೂ ಎಷ್ಟು ದೂರ ಇರಬಹುದು ಅಂತ ನೋಡ್ಬೇಕು." ಉತ್ತರ ಹೆಚ್ಚೆಂದರೆ ಎಷ್ಟು ತಪ್ಪಿರಬಹುದು ಅನ್ನುವುದನ್ನು ಬೋರ್ಡಿನ ಮೇಲೇ ಲೆಕ್ಕ ಹಾಕಿ ತೋರಿಸಿದೆ. ದಶಮಾಂಶದ ಮೊದಲ ಅಂಕಿಯೇ ತಪ್ಪಿರಬಹುದು!

"ಸುಮ್ನೆ ತಲೆ ತಿನ್ಬೇಡ. ಎಲ್ಲರೂ ಹೀಗೇ ನಿಲ್ಲಿಸೋದು."

ಎಲ್ಲರೂ ನಿಲ್ಲಿಸಿದರೆ ಉತ್ತರವೇ ಎದ್ದು ಬಂದು ಇವರ ಕಾಲಬುಡದಲ್ಲಿ ಕೂರುತ್ತದಾ? ದಾರಿಯುದ್ದಕ್ಕೂ ಗೊಣಗಿಕೊಂಡೇ ಮನೆಗೆ ಬಂದೆ.

ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮನ ಫೋನು. "ಈಗ ನೀನೂ ಅಳಿಯಂದ್ರೂ ಜಗಳ ಆಡ್ತಿಲ್ಲ ತಾನೇ?"

"ಇಲ್ಲಮ್ಮ."

"ಸದ್ಯ! ಅಂತೂ ಎಲ್ಲ ಸರಿಹೋಯ್ತು."

ಜಗಳ ಇಲ್ಲ, ನಿಜ. ರಾತ್ರಿ ನನ್ನ ಗಂಡ ಬಂದು "ಊಟ ಆಯ್ತಾ?" ಅಂದರು. "ಆಯ್ತು," ಅಂದೆ. ಒಳಗೆ ಹೋಗಿ ದೀಪ ಆರಿಸಿದರು. ನಿನ್ನೆಯೂ ಇಷ್ಟೇ, ಮೊನ್ನೆಯೂ ಇಷ್ಟೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮಧ್ಯಾಹ್ನ ಗೈಡ್ ಮುಂದೆ ಅಷ್ಟೆಲ್ಲ ಹಾರಾಡಿದವಳು, ಸಂಜೆ ಅಮ್ಮನಿಗೆ "ಹೂಂ, ಸರಿಹೋಯ್ತು" ಅಂತ ಹೇಳಿ ಫೋನಿಟ್ಟಿದ್ದೆ.