ಚಿಕ್ಕಪ್ಪನ ಮಗಳ ಅರ್ಜಿ

ಅಪ್ಪಾ,

ನೀನು ಹೋಗಿ ನಾಲ್ಕು ವರ್ಷವಾಯಿತು, ಈ ಕಾಗದ ನಿನಗೆ ಮುಟ್ಟುವುದಿಲ್ಲ. ಆದರೂ ಇದನ್ನು ಬೇರೆ ಯಾರಿಗೆ ಹೇಳಿಕೊಳ್ಳಲಿ?

ಇವತ್ತು ನಮ್ಮ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸಂದರ್ಶನವಿತ್ತು; ಪ್ರಶ್ನೆ ಕೇಳಲು ದೊಡ್ಡ ಡಾಕ್ಟರ ಜೊತೆ ನಾನೂ ಕೂತಿದ್ದೆ. ಕೊನೆಗೆ ಬಂದ ಹುಡುಗಿಯ ಅರ್ಜಿಯಲ್ಲಿ ನಮ್ಮ ಹಳೆಯ ಅಡ್ಡಹೆಸರಿತ್ತು. ನನ್ನನ್ನು ಶಾಲೆಗೆ ಸೇರಿಸುವಾಗ ನೀನು ಅದನ್ನು ಬಿಟ್ಟು ಮೇಲ್ಜಾತಿಯವರ ಹೆಸರು ಬರೆಸಿದೆಯಲ್ಲ, ಅದೇ. ಕೆಳಗೆ ಅವಳ ತಂದೆಯ ಹೆಸರನ್ನು ಎರಡೆರಡು ಸಲ ಓದಿದೆ. ನೀನು ಹೆಸರು ಬದಲಿಸಿದ್ದಕ್ಕೇ ನಿನ್ನ ಜೊತೆ ಮಾತು ಬಿಟ್ಟ ಚಿಕ್ಕಪ್ಪನ ಮಗಳು ಅವಳು.

ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಅವಳು ಹೊರಗೆ ಹೋದ ಮೇಲೆ ದೊಡ್ಡ ಡಾಕ್ಟರು ಅರ್ಜಿಯನ್ನು ಬದಿಗೆ ತಳ್ಳಿದರು.

"ಹೆಸರು ನೋಡಿದ್ರಾ? ಇವರನ್ನೆಲ್ಲ ಒಳಗೆ ಬಿಟ್ಕೊಂಡ್ರೆ ಮುಗೀತು. ನೀವು ನಮ್ಮವರೇ, ನಿಮಗೆ ಬಿಡಿಸಿ ಹೇಳ್ಬೇಕಾ?"

"ಬೇಡ ಸಾರ್, ಗೊತ್ತಾಯ್ತು," ಎಂದು ನಾನೂ ನಕ್ಕೆ. ಅವಳು ಬೇಡವೆಂದು ಅವರು ಬರೆದ ಹಾಳೆಗೆ ಸಹಿಯನ್ನೂ ಹಾಕಿದೆ.

ಹೊರಗೆ ಬಂದರೆ ಅವಳು ಬಾಗಿಲ ಬಳಿಯೇ ನಿಂತಿದ್ದಳು.

"ಮೇಡಂ, ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲಮ್ಮ, ಎಲ್ಲಾ ಸರಿಯಾಗೇ ಹೇಳ್ದೆ."

ಅವಳ ಮುಖ ಅರಳಿತು. "ನಮ್ಮಪ್ಪಂಗೆ ಈಗ್ಲೇ ಹೇಳ್ಬಿಡ್ತೀನಿ, ಬೆಳಗ್ಗೆಯಿಂದ ಕಾಯ್ತಾ ಕೂತಿದ್ದಾರೆ," ಎಂದು ನನ್ನೆದುರೇ ಫೋನ್ ಹಚ್ಚಿದಳು.

ಆ ಕಡೆಯಿಂದ ಕೇಳಿದ್ದು ಥೇಟ್ ನಿನ್ನದೇ ದನಿ, ಅಪ್ಪಾ. "ಏನಂದ್ರು ಮಗಳೇ, ಒಳ್ಳೆಯವರಿದ್ರಾ?" ಎಂದು ಕೇಳುತ್ತಿತ್ತು.

ಅವಳು ನನ್ನತ್ತ ನೋಡಿ ನಕ್ಕು, "ಹೂಂ ಅಪ್ಪ, ತುಂಬಾ ಒಳ್ಳೆಯವರು," ಎಂದಳು.